ಬೀಗ ಹಾಕಿದ ದನಿಗಳು

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿನ ತಲೆಯಲ್ಲಿ ಅವನು ಎರಡನೇ ಸಲ ನಿಂತ. ಮೊದಲನೇ ಸಲ ಬಂದಾಗ ಲಿಫ್ಟಿನಿಂದ ಯಾರೋ ಹೊರಬಂದದ್ದಕ್ಕೆ, ನೋಟಿಸ್ ಬೋರ್ಡು ನೋಡುವವನ ಹಾಗೆ ತಿರುಗಿ, ಎಂದೋ ಮುಗಿದುಹೋದ ರಕ್ತದಾನ ಶಿಬಿರದ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ವಾಪಸು ಹೋಗಿಬಿಟ್ಟಿದ್ದ. ಈ ಮೆಟ್ಟಿಲುಗಳ ಕಡೆ ಅವನು ಮೂರು ವರ್ಷದಿಂದ ಸುಳಿದಿರಲಿಲ್ಲ. ಹಿಂದಿನ ಗೇಟಿನಿಂದ ಬಂದು, ಸ್ಟ್ರೆಚರುಗಳು ಹೋಗುವ ಇಳಿಜಾರನ್ನು ಹತ್ತಿ, ಇಡೀ ಆಸ್ಪತ್ರೆಗೆ ಒಂದು ಸುತ್ತು ಹಾಕಿ ತನ್ನ ಕೋಣೆ ಸೇರುತ್ತಿದ್ದ. ಯಾರಾದರೂ ಕೇಳಿದರೆ, ನಮ್ಮದು ಸಕ್ಕರೆ ಕಾಯಿಲೆಯ ಮನೆತನ, ನಡೆದಷ್ಟೂ ಒಳ್ಳೇದು ಎನ್ನುತ್ತಿದ್ದ. ಹನ್ನೊಂದು ಗಂಟೆಗೆ ನೆಲಮಾಳಿಗೆಯ ಕಡತದ ಕೋಣೆಯಿಂದ ಅವಳು ಕ್ಯಾಂಟೀನಿಗೆ ಬರುತ್ತಾಳೆಂದು ಅವನ ಚಹಾ ಹನ್ನೊಂದೂವರೆಗೆ ಸರಿದಿತ್ತು. ಒಂದೇ ಕಟ್ಟಡದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರ ಕಣ್ಣಿಗೆ ಬೀಳದೆ ಮೂರು ವರ್ಷ ಕಳೆಯಬಹುದೆಂದು ಯಾರಾದರೂ ಹೇಳಿದ್ದರೆ ಅವನೇ ನಂಬುತ್ತಿರಲಿಲ್ಲ. ಆದರೆ ಕಳೆದಿದ್ದ. ಅದೂ ಒಂದು ಸಾಮರ್ಥ್ಯವೇ ಎಂದು ಒಮ್ಮೊಮ್ಮೆ ಕಹಿಯಾಗಿ ಅನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಅವನನ್ನು ದನಿ ಮೇಷ್ಟ್ರು ಎನ್ನುತ್ತಿದ್ದರು. ಗಂಟಲಿನ ಆಪರೇಷನ್ ಆಗಿ ಮಾತು ಕಳೆದುಕೊಳ್ಳುವವರಿಗೆ, ಆಪರೇಷನ್ನಿಗೆ ಮೊದಲು ಅವರ ದನಿಯನ್ನು ಹಿಡಿದಿಡುವುದು, ಆಮೇಲೆ ಯಂತ್ರದಿಂದಲೋ ಹೊಟ್ಟೆಯ ಗಾಳಿಯಿಂದಲೋ ಮಾತಾಡಲು ಕಲಿಸುವುದು ಅವನ ಕೆಲಸ. ಗಾಜಿನ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಅವರನ್ನು ಕೂರಿಸಿ ಒಂದು ಪಟ್ಟಿ ಓದಿಸುತ್ತಿದ್ದ. ಬಾ, ಹೋಗು, ನೀರು, ನೋವು, ಬೇಡ, ಒಂದರಿಂದ ನೂರು, ಮನೆಯವರ ಹೆಸರುಗಳು. ಕೆಲವರು ಅಳುತ್ತಿದ್ದರು, ಕೆಲವರು ಆಕಾಶವಾಣಿಯವರ ಹಾಗೆ ಬಿಗಿಯಾಗಿ ಓದುತ್ತಿದ್ದರು. ಹಾಗೆ ಕೂಡಿಬಂದ ಇನ್ನೂರ ಹನ್ನೆರಡು ದನಿಗಳಿದ್ದ ಕಂಪ್ಯೂಟರು ಸೋಮವಾರ ಬೆಳಿಗ್ಗೆ ಎರಡು ಸಲ ಕಟಕಟ ಎಂದು ಸುಮ್ಮನಾಯಿತು. ಸುಮ್ಮನಾದಾಗ ಅದರ ಮುಂದೆ, ಅವನ ಬಳಿ ದನಿ ಹಿಡಿಸಿಕೊಂಡಿದ್ದ ಬಸ್ ಕಂಡಕ್ಟರರೊಬ್ಬರ ಹೆಂಡತಿ ಕೂತಿದ್ದರು.

ಆ ಕಂಡಕ್ಟರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಗಂಡ ಬದುಕಿದ್ದಾಗಲೇ ಆಕೆ ನಾಲ್ಕು ಸಲ ಬಂದು, "ಅವರ ದನಿ ಒಂದು ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ ಅಂದಿದ್ರಲ್ಲ ಮೇಷ್ಟ್ರೇ" ಎಂದು ಕೇಳಿದ್ದರು. ಐದು ನಿಮಿಷದ ಕೆಲಸ. ಮುಂದಿನ ವಾರ ಬನ್ನಿ, ಇವತ್ತು ಕ್ಲಾಸಿದೆ, ಇವತ್ತು ಮೀಟಿಂಗಿದೆ ಎಂದು ನಾಲ್ಕು ಸಲವೂ ಕಳಿಸಿದ್ದ. ಈಗ ಐದನೇ ಸಲ ಬಂದಿದ್ದಾಗ ಕಪ್ಪಾದ ಪರದೆಯನ್ನು ಇಬ್ಬರೂ ನೋಡುತ್ತ ಕೂತರು. "ಹೋಯ್ತಾ?" ಎಂದಷ್ಟೇ ಆಕೆ ಕೇಳಿದರು. ಆ ಪ್ರಶ್ನೆಯನ್ನು ಆಕೆ ಇತ್ತೀಚೆಗಷ್ಟೇ ಬೇರೊಂದು ಕಡೆ, ಬೇರೊಬ್ಬ ಡಾಕ್ಟರನ್ನು ಕೇಳಿರಬೇಕೆಂದು ಅವನಿಗೆ ಹೊಳೆಯಿತು.

ಕಂಪ್ಯೂಟರ್ ವಿಭಾಗದಿಂದ ಬಂದವನು ಐವತ್ತು ದಾಟಿದ ನಗುಮುಖದ ಮನುಷ್ಯ. ಏನೇ ಕೆಟ್ಟರೂ "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎನ್ನುತ್ತಾನೆಂದು ನರ್ಸುಗಳು ಅವನಿಗೆ ರೀಸ್ಟಾರ್ಟಪ್ಪ ಎಂದು ಹೆಸರಿಟ್ಟಿದ್ದರು. ಈ ಸಲ ಆ ಮಾತು ಆಡಲಿಲ್ಲ. ಡಬ್ಬಿ ಬಿಚ್ಚಿ, ಕಿವಿಗೊಟ್ಟು, "ಡಿಸ್ಕೇ ಹೋಗಿದೆ ಮೇಷ್ಟ್ರೇ, ಇದಕ್ಕೆ ಎಳ್ಳುನೀರು ಬಿಟ್ಟಂಗೆ" ಎಂದ. ಆಮೇಲೆ ಮೇಜಿನ ಹಿಂದೆ ಬಗ್ಗಿ, ಧೂಳು ಹಿಡಿದ ಕಪ್ಪು ಪೆಟ್ಟಿಗೆಯೊಂದನ್ನು ವೈರಿನ ಸಮೇತ ಎಳೆದು ತೆಗೆದ. "ಅಯ್ಯೋ, ಬ್ಯಾಕಪ್ ಇದೆಯಲ್ರೀ! ಮೂರು ವರ್ಷದಿಂದ ದಿನಾ ಸಂಜೆ ತನ್ನ ಪಾಡಿಗೆ ತಾನು ನಕಲು ಮಾಡ್ಕೊಂಡಿದೆ. ಹೊಸ ಡಿಸ್ಕ್ ಹಾಕಿ ಇದರಿಂದ ಎಲ್ಲಾ ವಾಪಸ್ ಇಳಿಸೋದು, ಅಷ್ಟೆ." ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮರುದಿನ ಹೊಸ ಡಿಸ್ಕು ಕೂತಿತು, ಪೆಟ್ಟಿಗೆಯ ವೈರು ಸಿಕ್ಕಿಸಿದರು, ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡಿತು. ಪಾಸ್‌ವರ್ಡ್ ಕೊಡಿ.

"ಹೇಳಿ ಮೇಷ್ಟ್ರೇ."

"ನನಗೇನು ಗೊತ್ತು?"

"ನಿಮಗಲ್ದೆ ಇನ್ಯಾರಿಗೆ? ಇದು ಎನ್‌ಕ್ರಿಪ್ಟ್ ಆಗಿದೆ. ಒಳಗಿರೋದನ್ನೆಲ್ಲ ಕಲಸಿ ಬೀಗ ಹಾಕಿಟ್ಟಿದೆ. ಆ ಪದ ಇಲ್ದಿದ್ರೆ ನಾನಲ್ಲ, ನಮ್ಮಪ್ಪ ಬಂದ್ರೂ ತೆಗೆಯೋಕಾಗಲ್ಲ." ರೀಸ್ಟಾರ್ಟಪ್ಪ ತನ್ನ ಫೈಲಿನಿಂದ ಹಳೇ ಆದೇಶದ ಪ್ರತಿಯನ್ನು ಹುಡುಕಿ ತೆಗೆದು, ಕನ್ನಡಕ ಏರಿಸಿ ಓದಿದ. "ನೋಡಿ, ಬರ್ದಿದೆ. ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ವಿಭಾಗದ ಮುಖ್ಯಸ್ಥರಿಗೆ ಖುದ್ದಾಗಿ ಒಪ್ಪಿಸತಕ್ಕದ್ದು. ಬೇರೆ ಪ್ರತಿ ಇಡತಕ್ಕದ್ದಲ್ಲ. ಆ ಟೆಕ್ನೀಷಿಯನ್ ಮೇಡಂ ಕೊಟ್ಟಿಲ್ವಾ ನಿಮಗೆ?"

ಕೊಟ್ಟಿದ್ದಳು. ಆ ವಿಭಾಗದಲ್ಲಿ ಅವಳ ಕೊನೆಯ ದಿನ, ಸಂಜೆ ಐದು ಗಂಟೆಗೆ, ಒಂದು ಬಿಳಿ ಲಕೋಟೆಯನ್ನು ಮೇಜಿನ ಮೇಲಿಟ್ಟು, "ಇದನ್ನ ಓದಿ ಜೋಪಾನವಾಗಿಡಿ ಸರ್" ಎಂದಿದ್ದಳು. ಅವನು ಪರದೆಯಿಂದ ಕಣ್ಣು ತೆಗೆಯದೆ ಹೂಂ ಎಂದಿದ್ದ. ಅವಳು ಹೋದ ಮೇಲೆ ಲಕೋಟೆಯನ್ನು ಬೆಳಕಿಗೆ ಹಿಡಿದಿದ್ದ. ಒಳಗೆ ಐದಾರು ಸಾಲು ಕಂಡಿತ್ತು. ಏನು ಬರೆದಿರುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ನೀವು ಹೀಗೆ ಮಾಡ್ತೀರಂತ ಅಂದುಕೊಂಡಿರಲಿಲ್ಲ ಸರ್ ಎಂದು ಶುರುವಾಗುವ ಪತ್ರ. ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಮೂರನೇ ದಿನ ಬಸ್ ನಿಲ್ದಾಣದಲ್ಲಿ, ಒಡೆಯದೆಯೇ, ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿದ್ದ. ಹಾಕಿದ ಮೇಲೆ ಎಂಥದೋ ನೆಮ್ಮದಿ. ಆ ಸಂಜೆ ಮನೆಗೆ ಹೋಗುವಾಗ ಹೆಂಡತಿಗೆಂದು ಬಾಳೆಹಣ್ಣು ಕೂಡ ಕೊಂಡಿದ್ದ.

"ಎಲ್ಲೋ ಇಟ್ಟಿದ್ದೀನಿ, ಹುಡುಕ್ತೀನಿ," ಎಂದು ಅವನು ರೀಸ್ಟಾರ್ಟಪ್ಪನಿಗೆ ಹೇಳಿದ. ಅವನ ಮುಂದೆಯೇ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಹುಡುಕಿಯೂ ತೋರಿಸಿದ. ಇಲ್ಲದ್ದನ್ನು ಅಷ್ಟು ಶ್ರದ್ಧೆಯಿಂದ ಹುಡುಕುತ್ತಿರುವ ತನ್ನ ಕೈಗಳನ್ನು ನೋಡಿ ಅವನಿಗೇ ಹೇಸಿಗೆಯಾಯಿತು.

ಹಾಗಾಗಿ ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವನು ನೆಲಮಾಳಿಗೆಯ ಮೆಟ್ಟಿಲಿಳಿದ. ಕಡತದ ಕೋಣೆಯಲ್ಲಿ ಕಬ್ಬಿಣದ ಕಪಾಟುಗಳು, ಹಳೇ ಕಾಗದದ ಒಣ ವಾಸನೆ, ಕೊನೆಯ ಟ್ಯೂಬ್‌ಲೈಟಿನ ಕೆಳಗೆ ಅವಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ರಟ್ಟಿನ ಕಡತಗಳಿಗೆ ದಾರ ಕಟ್ಟುತ್ತಿದ್ದವಳು ತಲೆಯೆತ್ತಿದಳು, ಅಭ್ಯಾಸಬಲದಿಂದ ಅರ್ಧ ಎದ್ದಳು, ಆಮೇಲೆ ಏನೋ ನೆನಪಾದವಳಂತೆ ಕೂತಳು. ಆ ಅರ್ಧ ಏಳುವುದು, ಕೂರುವುದು ಅವನಿಗೆ ನಾಟಿತು.

ಹೇಗೆ ಕರೆಯಬೇಕೆಂದು ಅವನು ಯೋಚಿಸಿರಲೇ ಇಲ್ಲ. ಆರು ವರ್ಷ ಅವಳನ್ನು ಏನಮ್ಮಾ, ಬಾಮ್ಮಾ, ಆ ಫೈಲ್ ತೆಗೀ ಎಂದೇ ಕರೆದಿದ್ದ. ಈಗ ಬಾಯಿಗೆ ಬಂದದ್ದು, "ನೀವು ಸ್ವಲ್ಪ ಬಿಡುವಾಗಿದ್ದೀರಾ?"

"ನೀವು" ಅಂದದ್ದನ್ನು ಅವಳು ಗಮನಿಸಿದಳು. ಹುಬ್ಬು ಸ್ವಲ್ಪವೇ ಅಲ್ಲಾಡಿತು. "ಹೇಳಿ ಸರ್."

ಅವನು ಹೇಳಿದ. ಡಿಸ್ಕು, ಪೆಟ್ಟಿಗೆ, ಕಂಡಕ್ಟರರ ಹೆಂಡತಿ.

"ಲಕೋಟೆಯಲ್ಲಿ ಬರೆದು ಕೊಟ್ಟಿದ್ದೆನಲ್ಲ ಸರ್."

ಕಳೆದುಹೋಯಿತು ಎನ್ನಬಹುದಿತ್ತು. ಕೋಣೆ ಬದಲಾಯಿಸುವಾಗ ಎಲ್ಲೋ ಹೋಯಿತು ಎಂದು ಮೆಟ್ಟಿಲಿಳಿಯುತ್ತ ಸಿದ್ಧ ಮಾಡಿಕೊಂಡೂ ಇದ್ದ. "ನಾನು ಅದನ್ನ ಒಡೀಲಿಲ್ಲ," ಎಂದ. "ಹರಿದು ಹಾಕಿದೆ."

"ಒಡೀದೇನೇ?"

"ಹೂಂ. ನೀವು ನನ್ನ ಬಗ್ಗೆ ಏನೋ ಬರೆದಿದ್ದೀರಿ ಅಂದ್ಕೊಂಡೆ."

ಅವಳು ದಾರದ ಗಂಟನ್ನು ಬಿಗಿಮಾಡಿ ಕಡತವನ್ನು ಪಕ್ಕಕ್ಕಿಟ್ಟಳು. ನಕ್ಕಳೋ ಇಲ್ಲವೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. "ನಿಮ್ಮ ಬಗ್ಗೆ ಏನ್ ಬರೀಲಿ ಸರ್? ಐದು ಪದ ಬರೆದಿದ್ದೆ. ಕೆಳಗೆ, ಪೆಟ್ಟಿಗೆ ಮೇಲೆ ಹಸಿರು ದೀಪ ಉರೀತಿದೆಯಾ ಅಂತ ವಾರಕ್ಕೊಂದ್ಸಲ ನೋಡಿ ಅಂತ ಬರೆದಿದ್ದೆ. ಅಷ್ಟೆ."

ಅಷ್ಟೇ ಆಗಿತ್ತು. ಬೈಗುಳವಾದರೂ ಇದ್ದಿದ್ದರೆ ಎಂದು ಅವನಿಗೆ ಆ ಕ್ಷಣ ಅನಿಸಿದ್ದು ನಿಜ. ಮೂರು ವರ್ಷ ಅವನು ಮನಸ್ಸಿನಲ್ಲಿ ಆ ಪತ್ರವನ್ನು ಎಷ್ಟೋ ರೀತಿ ಬರೆದಿದ್ದ, ಅದಕ್ಕೆ ಉತ್ತರಗಳನ್ನೂ ಬರೆದಿದ್ದ. ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುತ್ತ, ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳೊಡನೆ ವಾದ ಮಾಡಿದ್ದ. ಸುಳ್ಳು ಹೇಳಿರಲಿಲ್ಲ ಎಂಬುದೂ ನಿಜವೇ. ಮೂರು ವರ್ಷದ ಹಿಂದೆ ಹೊಸ ವಿದ್ಯಾರ್ಥಿಗಳ ತರಗತಿಯಲ್ಲಿ ಹಾಕಿ ಕೇಳಿಸಲು ಒಂದು ಒಳ್ಳೆಯ ದನಿ ಬೇಕಾಗಿತ್ತು. ಹಿಡಿದಿಟ್ಟವುಗಳಲ್ಲಿ ಒಬ್ಬ ಶಾಲಾ ಶಿಕ್ಷಕಿಯ ದನಿ ಎಷ್ಟು ಸ್ಪಷ್ಟ, ಎಷ್ಟು ದುಂಡಗೆ! "ಅವರದ್ದು ಒಪ್ಪಿಗೆ ಪತ್ರ ಇಲ್ಲ ಸರ್" ಎಂದು ಅವಳು ಎರಡು ಸಲ ಹೇಳಿದ್ದಳು. "ಹೆಸರೇನೂ ಬರಲ್ಲ ಬಿಡಮ್ಮ, ತೆಗೆದುಕೊಡು" ಎಂದಿದ್ದ. ತರಗತಿಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದವನೊಬ್ಬ ಎದ್ದು ನಿಂತು, "ಇದು ನಮ್ಮ ಚಿಕ್ಕಮ್ಮನ ದನಿ" ಎಂದ. ಆಮೇಲೆ ದೂರು, ವಿಚಾರಣೆ. ಸೂಪರಿಂಟೆಂಡೆಂಟರು ಕನ್ನಡಕ ಒರೆಸುತ್ತ, "ಒಪ್ಪಿಗೆ ಇಲ್ಲದ್ದು ನಿಮ್ಮ ಕೈಗೆ ಬಂತು ಹೇಗೆ?" ಎಂದು ಕೇಳಿದಾಗ ಅವನು, "ಫೈಲ್ ತೆಗೆದುಕೊಟ್ಟಿದ್ದು ಅವಳು ಸರ್" ಎಂದ. ಇದರಲ್ಲಿ ಯಾವ ಪದ ಸುಳ್ಳು? ಸೂಪರಿಂಟೆಂಡೆಂಟರು ಬರೆದುಕೊಂಡರು, ಮುಂದಿನ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಅವನು ಬಹಳ ದಿನ ನಂಬಿದ್ದ. ಬಾಗಿಲಾಚೆಯ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತ ಅವಳು ಕೂತಿದ್ದಳು, ಅವನು ಹೊರಗೆ ಬಂದಾಗ ಎದ್ದು ನಿಂತಳು, ಅವನು ಕೈಗಡಿಯಾರ ನೋಡಿಕೊಂಡು ಮುಂದೆ ಹೋದ. ಮನೆಯಲ್ಲಿ ಹೆಂಡತಿ ಕೇಳಿದ್ದಕ್ಕೆ, "ಒಬ್ಬಳು ಏನೋ ತಪ್ಪು ಮಾಡಿದ್ಲು, ಬೇರೆ ಕಡೆ ಹಾಕಿದ್ರು" ಎಂದಿದ್ದ. ಹೆಂಡತಿ "ಪಾಪ" ಎಂದಿದ್ದಳು. ಆ ಪಾಪ ಯಾರಿಗೆ ಎಂದು ಅವನು ಕೇಳಲಿಲ್ಲ.

"ಆ ಪದಗಳು ನೆನಪಿವೆಯಾ?" ಎಂದ ಈಗ.

"ಬೇರೆ ಪ್ರತಿ ಇಡಬಾರದು ಅಂತ ಆದೇಶ ಇತ್ತು." ಅವಳು ಎದ್ದಳು. "ನೋಡೋಣ. ಕೂತರೆ ನೆನಪಾಗಬಹುದು."

ಇಬ್ಬರೂ ಮೆಟ್ಟಿಲು ಹತ್ತಿದರು. ಅವಳಿಗಿಂತ ಮುಂದೆ ನಡೆಯುವುದೋ ಹಿಂದೆ ನಡೆಯುವುದೋ ಅವನಿಗೆ ಗೊತ್ತಾಗಲಿಲ್ಲ. ಎರಡನೇ ಮಹಡಿ ಬರುವಷ್ಟರಲ್ಲಿ ಅವನು ಏದುಸಿರು ಬಿಡುತ್ತಿದ್ದ, ಅವಳು ಇರಲಿಲ್ಲ. ಕೋಣೆಯಲ್ಲಿ ರೀಸ್ಟಾರ್ಟಪ್ಪ ಕಾಯುತ್ತಿದ್ದ. ಬೆಂಚಿನ ತುದಿಯಲ್ಲಿ ಕಂಡಕ್ಟರರ ಹೆಂಡತಿಯೂ ಕೂತಿದ್ದರು. ಯಾರೂ ಬರಹೇಳಿರಲಿಲ್ಲ, ಸೋಮವಾರದಿಂದ ದಿನಾ ಬಂದು ಕೂರುತ್ತಿದ್ದರು. ಅವಳು ತನ್ನ ಹಳೆಯ ಕುರ್ಚಿಯಲ್ಲಿ ಕೂತು, ಅದರ ಎತ್ತರವನ್ನು ತನಗೆ ಬೇಕಾದಂತೆ ಇಳಿಸಿಕೊಂಡು, ಕಣ್ಣು ಮುಚ್ಚಿದಳು.

"ಏಣಿ, ಗುಬ್ಬಿ, ಹೊಲಿಗೆ, ಮಂಗಳವಾರ..." ಬೆರಳು ಮಡಿಸುತ್ತಿದ್ದವಳು ನಿಂತಳು. "ಇನ್ನೊಂದು."

"ಅದ್ಯಾಕೆ ಅಂಥ ಪದಗಳು?" ಎಂದ ರೀಸ್ಟಾರ್ಟಪ್ಪ.

"ಒಂದಕ್ಕೊಂದು ಸಂಬಂಧ ಇರಬಾರದಲ್ವಾ. ಇದ್ರೆ ಯಾರಾದ್ರೂ ಊಹಿಸ್ತಾರೆ."

ಏಣಿ, ಗುಬ್ಬಿ, ಹೊಲಿಗೆ. ಅವುಗಳಲ್ಲಿ ತನ್ನ ಸುಳಿವೇನಾದರೂ ಇದೆಯೇ ಎಂದು ಅವನು ಹುಡುಕುತ್ತಿದ್ದ. ಇರಲಿಲ್ಲ. ಅಂಥ ವಾರದಲ್ಲೂ ಅವಳು ಕೂತು, ಯಾವ ಸಂಬಂಧವೂ ಇಲ್ಲದ ಐದು ಪದಗಳನ್ನು ಆರಿಸಿ, ಕೆಲಸವನ್ನು ಕೆಲಸದಂತೆ ಮಾಡಿ ಹೋಗಿದ್ದಳು.

"ತವಾ," ಎಂದಳು ಕಣ್ಣು ಬಿಟ್ಟು. "ಕೊನೇಲಿ ತವಾ."

ಪದಗಳು ಸಿಕ್ಕವು, ಬೀಗ ತೆರೆಯಲಿಲ್ಲ. ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಳು. ಏಣಿಯನ್ನು ಒಂದು ಇ ಹಾಕಿ ಬರೆದಿದ್ದಳೋ ಎರಡೋ, ವೈ ಹಾಕಿ ಯೇಣಿ ಮಾಡಿದ್ದಳೋ ಅವಳಿಗೇ ಮರೆತಿತ್ತು. ಒಂದು ಸಲ ತಪ್ಪು, ಎರಡು ಸಲ ತಪ್ಪು. "ಗುಬ್ಬಿಗೆ ಯು ಒಂದೋ, ಓ ಎರಡೋ?" ಎಂದು ರೀಸ್ಟಾರ್ಟಪ್ಪ ಕಾಗದದ ಮೇಲೆ ಬಗೆಬಗೆಯ ಗುಬ್ಬಿಗಳನ್ನು ಬರೆಯತೊಡಗಿದ. ಮೂವರು ದೊಡ್ಡವರು ಒಂದು ಗುಬ್ಬಿಯ ಕಾಗುಣಿತಕ್ಕೆ ತಲೆ ಕೆಡಿಸಿಕೊಂಡದ್ದನ್ನು ಕಂಡು ಬೆಂಚಿನಿಂದ ಕಂಡಕ್ಟರರ ಹೆಂಡತಿ, "ನನ್ನನ್ನ ಕೇಳ್ಬೇಡಿ, ನಾನು ಮೂರನೇ ಕ್ಲಾಸು" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ, ನಗಲು ತನಗೆ ಹಕ್ಕಿದೆಯೇ ಎಂದು ತಕ್ಷಣ ಅನಿಸಿ ನಿಲ್ಲಿಸಿದ. ಏಳನೇ ಸಲ ಅವಳು ಪರದೆಯನ್ನು ನೋಡದೆ, ಕಿಟಕಿಯಾಚೆ ನೋಡುತ್ತ, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟಳು. ಚೌಕ ಮಾಯವಾಗಿ ಅದರ ಜಾಗದಲ್ಲಿ ಉದ್ದನೆಯ ಗೆರೆಯೊಂದು ಬಂದು, ಎಡದಿಂದ ಬಲಕ್ಕೆ ನಿಧಾನವಾಗಿ ತುಂಬತೊಡಗಿತು.

ಎರಡು ಗಂಟೆ ಬೇಕಾಯಿತು. ರೀಸ್ಟಾರ್ಟಪ್ಪ ಊಟಕ್ಕೆ ಹೋದ. ಉಳಿದ ಮೂವರು ಅಲ್ಲೇ ಕೂತರು. ಫೈಲುಗಳ ಸಂಖ್ಯೆ ಬದಲಾಗುತ್ತಿತ್ತು, ನಲವತ್ತು, ತೊಂಬತ್ತೊಂದು, ನೂರ ಮೂವತ್ತು. ಏನಾದರೂ ಮಾತಾಡಬೇಕೆಂದು ಅವನು ಮೂರು ಸಲ ಗಂಟಲು ಸರಿಮಾಡಿಕೊಂಡ. ಅವಳು ಕಂಡಕ್ಟರರ ಹೆಂಡತಿಯ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು, ಯಾವ ರೂಟು, ಎಷ್ಟು ವರ್ಷ ಸರ್ವಿಸು, ಮಕ್ಕಳೆಷ್ಟು. ಇದೆಲ್ಲ ಆ ಕಂಡಕ್ಟರು ಎದುರಿಗೆ ಕೂತಿದ್ದಾಗ ಅವನು ಕೇಳಿರಲಿಲ್ಲ. ಪಟ್ಟಿಯಲ್ಲಿ ಇರಲಿಲ್ಲ.

ನೂರ ತೊಂಬತ್ತೆಂಟನೆಯದು ಕಂಡಕ್ಟರರದು. ಅವಳೇ ಅದನ್ನು ತೆರೆದು, ಹೆಡ್‌ಫೋನ್ ಹುಡುಕಿದಳು. ಸಿಗಲಿಲ್ಲ, ಸ್ಪೀಕರಿಗೇ ಹಾಕಿದಳು. ಒರಟಾದ, ಅಗಲವಾದ ದನಿ ಕೋಣೆಯ ತುಂಬ ಬಂತು. ಬಾ. ಹೋಗು. ನೀರು. ನೋವು. ಕಂಡಕ್ಟರರ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು, ಕರೆದವರಿಗೆ ಓಗೊಡುವಂತೆ ಮುಂದಕ್ಕೆ ಬಾಗಿದರು. ನೂರರವರೆಗೆ ಎಣಿಸಿ ಮುಗಿಸಿ, ಆ ದನಿ, "ಮುಂದಕ್ಕೆ ಹೋಗಿ ಮುಂದಕ್ಕೆ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ತಾನೇ ನಕ್ಕಿತು. ಆಮೇಲೆ ತಗ್ಗಿ, "ಸಾರ್, ಇನ್ನೊಂದು ಮಾತಿತ್ತು. ಮನೆಯವಳಿಗೆ. ಅವಳ ಎದುರಿಗೆ ಹೇಳೋಕೆ ಆಗ್ಲಿಲ್ಲ, ಅದಕ್ಕೇ..." ಎಂದಿತು. ಅಷ್ಟರಲ್ಲಿ ಇನ್ನೊಂದು ದನಿ, ತೆಳ್ಳಗೆ, ಅವಸರದಲ್ಲಿ: "ಸಾಕು ಸಾಕು, ಪಟ್ಟಿ ಮುಗೀತಲ್ಲ. ಏಳಿ." ಟಕ್ಕೆಂದಿತು. ಫೈಲು ಅಲ್ಲಿಗೇ ಮುಗಿದಿತ್ತು.

ಅದು ಯಾರ ದನಿ ಎಂದು ಅವನಿಗೆ ಮೊದಲು ಹೊಳೆಯಲೇ ಇಲ್ಲ. ಇಷ್ಟು ಜನರ ದನಿ ಹಿಡಿದಿಟ್ಟವನು ತನ್ನದನ್ನು ಹೊರಗಿನಿಂದ ಕೇಳಿದ್ದು ಕಡಿಮೆ. ಫೈಲಿನ ಕೆಳಗೆ ಹೊತ್ತು ನಮೂದಾಗಿತ್ತು, ಹನ್ನೊಂದು ಇಪ್ಪತ್ತೊಂಬತ್ತು. ಅವನ ಚಹಾದ ಹೊತ್ತು. ಬೇರೇನೂ ಅವಸರವಿರಲಿಲ್ಲ.

"ಆಮೇಲೆ?" ಎಂದರು ಆಕೆ.

"ಇಷ್ಟೇ ಇರೋದು."

"ಅಲ್ಲ, ಏನೋ ಹೇಳೋಕೆ ಹೊರಟಿದ್ರಲ್ಲ."

"ನಾನು ತಡೆದೆ," ಎಂದ ಅವನು. "ನಾನೇ ನಿಲ್ಲಿಸಿಬಿಟ್ಟೆ ಅಮ್ಮಾ."

ಆಕೆ ಬಾಯಿಗೊತ್ತಿದ್ದ ಸೆರಗನ್ನು ಬಿಟ್ಟರು. ಆಮೇಲೆ ಅವನನ್ನೇ ಸಮಾಧಾನ ಮಾಡುವವರಂತೆ, "ಇರ್ಲಿ ಬಿಡಿ. ಅವರ ಮಾತು ಮುಗಿಯೋದೇ ಇರ್ಲಿಲ್ಲ. ನಿಮಗೂ ಕೆಲಸ ಇರುತ್ತಲ್ಲ" ಎಂದರು. ಇನ್ನೊಂದು ಸಲ ಹಾಕಿಸಿದರು. ಮತ್ತೊಂದು ಸಲ ಹಾಕಿಸಿದರು. ಪ್ರತಿ ಸಲವೂ ಕೊನೆಗೆ ಆ ತೆಳ್ಳನೆಯ ದನಿ ಬಂದಾಗ ಆಕೆಯ ಭುಜ ಚೂರು ಕುಗ್ಗುತ್ತಿತ್ತು. ಆಮೇಲೆ ಅವನನ್ನಲ್ಲ, ಕುರ್ಚಿಯಲ್ಲಿದ್ದವಳನ್ನು ಕೇಳಿದರು, ಸಂಕೋಚದಿಂದ: "ತಾಯೀ, ನನಗೆ ಕೊಡೋದ್ರಲ್ಲಿ, ಮೇಷ್ಟ್ರ ದನಿ ಬರೋಕೆ ಮುಂಚೆ ನಿಲ್ಸೋಕಾಗುತ್ತಾ?"

ಅವಳು ಅವನತ್ತ ತಿರುಗಲಿಲ್ಲ. "ಆಗುತ್ತಮ್ಮ," ಎಂದು, ಪರದೆಯ ಮೇಲಿನ ದನಿಯ ಗೆರೆಯ ಕೊನೆಯನ್ನು ಹಿಡಿದು, ಕತ್ತರಿಸಿ, ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಐದು ನಿಮಿಷವೂ ಆಗಲಿಲ್ಲ.

ಆಕೆ ಹೋದ ಮೇಲೆ ಅವಳು ಒಂದು ಕಾಗದದ ಮೇಲೆ ಐದು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಲಕೋಟೆಗೆ ಹಾಕದೆ, ಬಿಚ್ಚಿದ ಹಾಗೇ ಮೇಜಿನ ಮೇಲಿಟ್ಟಳು. ಅವನು ಬಾಗಿಲ ಬಳಿ ಅಡ್ಡ ನಿಂತವನಂತೆ ನಿಂತಿದ್ದ.

"ಅವತ್ತು ಒಪ್ಪಿಗೆ ಇಲ್ಲ ಅಂತ ನೀವು ಹೇಳಿದ್ರಿ. ಎರಡು ಸಲ ಹೇಳಿದ್ರಿ. ನಾನು ಅದನ್ನ ಒಳಗೆ ಹೇಳ್ಲಿಲ್ಲ."

"ಗೊತ್ತು ಸರ್. ಬಾಗಿಲು ಪೂರ್ತಿ ಮುಚ್ಚಿರ್ಲಿಲ್ಲ."

"ನಾನು ಸೂಪರಿಂಟೆಂಡೆಂಟರಿಗೆ ಬರೆದು ಕೊಡ್ತೀನಿ. ನಿಮ್ಮನ್ನ ಮತ್ತೆ ಇಲ್ಲಿಗೆ..."

"ಬೇಡ ಸರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ನಾನು ಇಲ್ಲಿಗೆ ಬರಲ್ಲ. ಕೆಳಗೆ ಚೆನ್ನಾಗೇ ಇದೆ, ಕಡತಗಳು ಯಾರ ಮೇಲೂ ತಪ್ಪು ಹಾಕಲ್ಲ. ಮೊದಲ ವರ್ಷ ಆಗಿದ್ರೆ ಬೇರೆ ಮಾತು. ಆಗ ನಮ್ಮಪ್ಪ ಇದ್ರು. ಮಗಳು ಏನೋ ಮಾಡಿದ್ದಾಳೆ ಅದಕ್ಕೇ ನೆಲಮಾಳಿಗೆಗೆ ಹಾಕಿದ್ರು ಅಂತಲೇ ಅಂದ್ಕೊಂಡು ಹೋದ್ರು." ಚೀಲ ಹೆಗಲಿಗೇರಿಸಿಕೊಂಡಳು. "ನಿಮಗೆ ಹಗುರ ಆಗಬೇಕು ಅಂತಿದ್ರೆ ಬರೀರಿ. ನನಗೋಸ್ಕರ ಅಂತ ಮಾತ್ರ ಬರೀಬೇಡಿ."

ಅವಳು ಹೋದಳು. ಹೆಜ್ಜೆಯ ಸದ್ದು ಕಾರಿಡಾರಿನ ಕೊನೆಯವರೆಗೆ ಕೇಳಿಸಿತು. ಅವನು ಕೂತು ಬಿಳಿ ಹಾಳೆ ತೆಗೆದುಕೊಂಡ. ಮೊದಲ ಹಾಳೆಯಲ್ಲಿ ಕಾರಣಗಳೇ ತುಂಬಿದವು, ಹರಿದ. ಎರಡನೆಯದರಲ್ಲಿ 'ವಿಷಾದದಿಂದ' ಎಂಬ ಪದ ಎರಡು ಸಲ ಬಂತು, ಅದನ್ನೂ ಹರಿದ. ಮೂರನೆಯದರಲ್ಲಿ ನಾಲ್ಕೇ ಸಾಲು. ಒಪ್ಪಿಗೆಯಿಲ್ಲವೆಂದು ಅವರು ನನಗೆ ಮೊದಲೇ ತಿಳಿಸಿದ್ದರು. ತಿಳಿದೂ ತರಗತಿಯಲ್ಲಿ ಕೇಳಿಸಿದವನು ನಾನು. ವಿಚಾರಣೆಯಲ್ಲಿ ಅದನ್ನು ಮುಚ್ಚಿಟ್ಟವನೂ ನಾನು. ಇದನ್ನು ಅವರ ಸೇವಾ ಕಡತಕ್ಕೆ ಸೇರಿಸಬೇಕು. ಇದರಿಂದ ಹಗುರವಾಗುತ್ತದೆಯೇ ಎಂದು ನೋಡಿಕೊಂಡ. ಆಗಲಿಲ್ಲ.

ಸೂಪರಿಂಟೆಂಡೆಂಟರು ಊರಲ್ಲಿರಲಿಲ್ಲ. ಟಪಾಲು ಕೌಂಟರಿಗೆ ಕೊಟ್ಟು ಹೋಗಿ ಎಂದರು. ಅಲ್ಲಿ ಐದಾರು ಜನ ಸಾಲಿನಲ್ಲಿದ್ದರು, ಇಬ್ಬರು ನರ್ಸುಗಳು, ಎಕ್ಸ್‌ರೇ ವಿಭಾಗದವನು, ಮೇಷ್ಟ್ರ ಬಳಿಯೇ ಮಾತು ಕಲಿತು ಹೋದ ಹಳೇ ರೋಗಿಯೊಬ್ಬರು. ಗುಮಾಸ್ತೆ ಕಾಗದಕ್ಕೆ ಠಸ್ಸೆ ಒತ್ತಿ, ದೊಡ್ಡ ಪುಸ್ತಕದಲ್ಲಿ ತಾರೀಖು ಬರೆದು, ಪೆನ್ನು ಎತ್ತಿ ಹಿಡಿದು, "ವಿಷಯ ಏನು ಸರ್? ಮೇಲೆ ಹಾಕಿಲ್ಲ ನೀವು" ಎಂದರು.

ಅವನು ಹೇಳಿದ.

"ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಹಿಂದೆ ಯಾರೋ ಮಾತು ನಿಲ್ಲಿಸಿದರು. ಅವನು ಉಸಿರನ್ನು ಹೊಟ್ಟೆಯವರೆಗೆ ಎಳೆದುಕೊಂಡು, ಇಡೀ ಸಾಲಿಗೆ ಕೇಳಿಸುವ ಹಾಗೆ, ಒಂದೊಂದೇ ಪದವನ್ನು ಬಿಡಿಸಿ ಹೇಳಿದ. "ನನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದ ಬಗ್ಗೆ."

ಗುಮಾಸ್ತೆ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಬಗ್ಗಿ, ಬರೆದುಕೊಳ್ಳತೊಡಗಿದರು.